ಒಂದೇ ಸೋಮವಾರ, ಎರಡು ಕೆಂಪು: ಫ್ರೆಂಚ್ ವೈನ್ ಮತ್ತು ನಮ್ಮ ಬ್ಯಾಡಗಿ ಮೆಣಸಿನಕಾಯಿ

ಇವತ್ತು ಎರಡು ತಾರೀಕು ಹೇಳ್ತೀನಿ. 1907ರ ಮಾರ್ಚ್ 11, ಮತ್ತು 2024ರ ಮಾರ್ಚ್ 11. ಎರಡೂ ಸೋಮವಾರ. ಮೊದಲನೆಯದು ದಕ್ಷಿಣ ಫ್ರಾನ್ಸ್‌ನಲ್ಲಿ, ಎರಡನೆಯದು ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ. ಎರಡೂ ಕಡೆ ಕೆಂಪು ಬೆಳೆ, ಎರಡೂ ಕಡೆ ಬಿದ್ದುಹೋದ ಬೆಲೆ.

ಮೊದಲು ಫ್ರಾನ್ಸ್‌ಗೆ ಹೋಗೋಣ. ದಕ್ಷಿಣದಲ್ಲಿ ಲಾಂಗ್ದಾಕ್ ಅನ್ನೋ ಸೀಮೆ ಇದೆ. ಬಿಸಿಲು ಜಾಸ್ತಿ, ಮಳೆ ಕಡಿಮೆ, ಕಲ್ಲುಗುಡ್ಡಗಳು. ಅಲ್ಲಿನ ಕಾರ್ಬಿಯೇರ್ ಗುಡ್ಡಗಳ ಕೆಂಪು ವೈನ್ ಇವತ್ತು ಹೆಸರುವಾಸಿ. ಕಾರಿನ್ಯಾನ್, ಗ್ರೆನಾಶ್, ಸಿರಾ ಅನ್ನೋ ದ್ರಾಕ್ಷಿಗಳನ್ನು ಬೆರೆಸಿ ಮಾಡ್ತಾರೆ. ಆದರೆ 19ನೇ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಬಳ್ಳಿಗಳ ಬೇರು ತಿಂದು ತೋಟಗಳನ್ನೇ ಒಣಗಿಸಿತ್ತು. ಮತ್ತೆ ನೆಡುವಾಗ ರೈತರು ಹೆಚ್ಚು ಇಳುವರಿ ಕೊಡುವ ತಳಿಗಳ ಕಡೆ ವಾಲಿದರು. ವೈನ್ ಹೊಳೆಯಾಗಿ ಹರಿಯಿತು. ಆಲ್ಜೀರಿಯಾದಿಂದಲೂ ಬಂತು. ಸಾಲದ್ದಕ್ಕೆ ಸಕ್ಕರೆ, ನೀರು ಸೇರಿಸಿದ ಕಳ್ಳ ವೈನ್ ಬೇರೆ. ಬೆಲೆ ನೆಲ ಕಚ್ಚಿತು.

ಆ ಸೋಮವಾರ ಆರ್ಜೆಲಿಯೇ ಅನ್ನೋ ಹಳ್ಳಿಯ ಮಾರ್ಸೆಲನ್ ಆಲ್ಬೇರ್ ಎಂಬ ಸಣ್ಣ ಬೆಳೆಗಾರ 87 ಜನರ ಜೊತೆ ನಾರ್ಬಾನ್ ಪಟ್ಟಣಕ್ಕೆ ನಡೆದ. ಜೂನ್ ಹೊತ್ತಿಗೆ ಮಾಂಪೆಲಿಯೇ ನಗರದಲ್ಲಿ ಲಕ್ಷಾಂತರ ಜನ ಸೇರಿದ್ದರು. ಪೆರ್ಪಿನ್ಯಾನ್‌ನಲ್ಲಿ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು. ನಾರ್ಬಾನ್‌ನಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು.

ಈಗ ಬ್ಯಾಡಗಿಗೆ ಬನ್ನಿ. ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. ಅದಕ್ಕೂ ಮೊದಲು ನಮ್ಮ ಖಾರ ಅಂದ್ರೆ ಕಾಳುಮೆಣಸು. ಹೊಸ ಕಾಯಿಗೆ ನಮ್ಮವರು ಹಳೇ ಹೆಸರನ್ನೇ ಅಂಟಿಸಿ 'ಮೆಣಸಿನಕಾಯಿ' ಅಂದರು. ಆಮೇಲೆ ನಮ್ಮ ಎರೆ ಭೂಮಿಯಲ್ಲಿ ಅದು ಬೇರೆಯೇ ಗುಣ ತೋರಿಸಿತು: ಖಾರ ಕಡಿಮೆ, ಬಣ್ಣ ಜಾಸ್ತಿ. ಉದ್ದಕ್ಕೆ, ಸುಕ್ಕುಸುಕ್ಕಾಗಿರೋದು ಕಡ್ಡಿ, ಗಿಡ್ಡಕ್ಕೆ ದಪ್ಪಗಿರೋದು ಡಬ್ಬಿ. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಕೆಂಪು ಎಣ್ಣೆಯಂಥ ಸಾರ ಲಿಪ್‌ಸ್ಟಿಕ್‌ಗೂ ಹೋಗುತ್ತೆ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು.

ಆದರೆ 2024ರ ಆ ಸೋಮವಾರ ದರ ಕುಸಿದದ್ದನ್ನು ಕಂಡು ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು.

ಜಿಐ ಇದ್ದೂ ಯಾಕೆ ಹೀಗಾಯ್ತು? ಜಿಐ ಹೆಸರನ್ನು ಕಾಯುತ್ತೆ, ದರವನ್ನಲ್ಲ. ಬ್ಯಾಡಗಿ ಮಾರುಕಟ್ಟೆಗೆ ಬರೋದೆಲ್ಲ ಬ್ಯಾಡಗಿ ತಳಿ ಅಲ್ಲ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ನೋಡೋಕೆ ಹಾಗೇ ಇರುವ ಹೈಬ್ರಿಡ್ ಕಾಯಿಯೂ ಬರುತ್ತೆ. ಪಕ್ಕದ ರಾಣೆಬೆನ್ನೂರು ಬೀಜದ ವ್ಯಾಪಾರಕ್ಕೇ ಹೆಸರಾದ ಊರು. ಹಾಗಾಗಿ ಹೈಬ್ರಿಡ್ ಬೀಜದ ಆಸೆ ನಮ್ಮ ರೈತರಿಗೂ ಹೊಸದಲ್ಲ. ಇಳುವರಿ ಜಾಸ್ತಿ ಸಿಗುತ್ತೆ ಅಂದ್ರೆ ಅವರನ್ನು ತಪ್ಪು ಅನ್ನೋಕಾಗಲ್ಲ. ಆದರೆ ಪುಡಿ ಆದಮೇಲೆ ಯಾವುದು ಯಾರ ಹೊಲದ್ದು ಅಂತ ನಮ್ಮಂಥ ಗಿರಾಕಿಗೆ ಹೇಗೆ ಗೊತ್ತಾಗಬೇಕು?

ಫ್ರಾನ್ಸ್ ಇದಕ್ಕೆ ಕಂಡುಕೊಂಡ ದಾರಿ ನಿಧಾನದ್ದು. 1907ರ ಜೂನ್ 29ರ ಕಾನೂನು ಪ್ರತಿ ಬೆಳೆಗಾರ ತನ್ನ ಉತ್ಪಾದನೆಯನ್ನು ಘೋಷಿಸಬೇಕು ಅಂತು. 1935ರಲ್ಲಿ ಊರಿನ ಹೆಸರಿಗೆ ನಿಯಮ ಬಂತು: ಯಾವ ಗಡಿ, ಯಾವ ದ್ರಾಕ್ಷಿ, ಎಷ್ಟು ಇಳುವರಿ. ಕಾರ್ಬಿಯೇರ್‌ಗೆ ಆ ಮಾನ್ಯತೆ ಸಿಕ್ಕಿದ್ದು 1985ರಲ್ಲಿ. ಬೆಂಕಿಯಿಂದ ಬಾಟಲಿಯ ಲೇಬಲ್‌ವರೆಗೆ 78 ವರ್ಷ!

ಇನ್ನು ಊಟದ ಮಾತು. ಕಾರ್ಬಿಯೇರ್ ಜೊತೆ ಅಲ್ಲಿನವರು ಕಾಸುಲೇ ತಿಂತಾರೆ. ಬಿಳಿ ಬೀನ್ಸ್ ಕಾಳು, ಬಾತುಕೋಳಿ ಮಾಂಸ, ಸಾಸೇಜ್ ಹಾಕಿ ಗಂಟೆಗಟ್ಟಲೆ ಬೇಯಿಸೋ ಅಡುಗೆ. ವೈನ್‌ನಲ್ಲಿರೋ ಟ್ಯಾನಿನ್ ನಾಲಿಗೆಗೆ ಒಗರು, ಮಾಂಸದ ಜಿಡ್ಡು ಆ ಒಗರನ್ನು ಮೆದು ಮಾಡುತ್ತೆ. ಬ್ಯಾಡಗಿಗೂ ಜಿಡ್ಡೇ ಗೆಳೆಯ. ಅದರ ಬಣ್ಣ ಕರಗೋದು ಎಣ್ಣೆ-ತುಪ್ಪದಲ್ಲಿ, ನೀರಲ್ಲಲ್ಲ. ಕುಂದಾಪುರದ ಘೀ ರೋಸ್ಟ್ ಅಷ್ಟು ಕೆಂಪಗೆ ಹೊಳೆಯೋದು ಅದಕ್ಕೇ. ನಮ್ಮ ಕಡೆ ರೊಟ್ಟಿ ಮೇಲೆ ಕೆಂಪು ಚಟ್ನಿ ಹಾಕಿ, ಮೇಲೊಂದಿಷ್ಟು ಎಣ್ಣೆ ಬಿಟ್ಟುಕೊಳ್ಳೋದೂ ಸುಮ್ಮನೆ ಅಲ್ಲ.

ನನಗನಿಸೋದು ಇಷ್ಟು. ಊರಿನ ಹೆಸರು ಕಾಗದದ ಮೇಲಿದ್ದರೆ ಸಾಲದು, ಚೀಲದ ಮೇಲೂ ಇರಬೇಕು. ಯಾವ ಹೊಲ, ಯಾವ ತಳಿ ಅಂತ ಹೇಳೋ ಚೀಲಕ್ಕೆ ನಾವು ನಾಲ್ಕು ಕಾಸು ಹೆಚ್ಚು ಕೊಡೋಕೆ ತಯಾರಿರಬೇಕು. ಮುಂದಿನ ಸಲ ಅಂಗಡಿಯಲ್ಲಿ ಬ್ಯಾಡಗಿ ಖಾರದ ಪುಡಿ ಕೊಳ್ಳುವಾಗ ಪಾಕೆಟ್ ತಿರುಗಿಸಿ ಓದಿ. ಏನು ಬರೆದಿತ್ತು, ಏನು ಬರೆದಿರಲಿಲ್ಲ ಅಂತ ನಮಗೂ ಹೇಳಿ. ಮತ್ತೆ ಸಿಗೋಣ.