ಗುರುತು ಅಂಟಿಸಿದ ಹಣ: ಅಮೆರಿಕದ ನಗದು ನೆರವು ಮತ್ತು ಆನ್‌ಲೈನ್ ಖರೀದಿ

ಅಮೆರಿಕದ ಬಡ ಕುಟುಂಬಗಳಿಗೆ ಸಲ್ಲುವ ಸರ್ಕಾರಿ ನೆರವಿನ ಒಂದು ಭಾಗ ಪ್ಲಾಸ್ಟಿಕ್ ಕಾರ್ಡೊಂದರ ಮೂಲಕ ಕೈಸೇರುತ್ತದೆ. ಇಬಿಟಿ ಎಂದು ಕರೆಯುವ ಈ ಕಾರ್ಡಿನೊಳಗೆ ಎರಡು ಬೇರೆ ಬೇರೆ ಲೆಕ್ಕಗಳಿರಬಹುದು. ಒಂದು, ಸ್ನ್ಯಾಪ್ ಎಂಬ ಆಹಾರ ನೆರವು. ಇದರಿಂದ ಮನೆಯಲ್ಲಿ ಬೇಯಿಸಿ ತಿನ್ನುವ ಪದಾರ್ಥ ಕೊಳ್ಳಬಹುದೇ ಹೊರತು ಸೋಪು, ಔಷಧಿ, ಮಗುವಿನ ಡೈಪರ್ ಕೊಳ್ಳುವಂತಿಲ್ಲ. ಇನ್ನೊಂದು, ಮಕ್ಕಳಿರುವ ಕಡುಬಡ ಕುಟುಂಬಗಳಿಗೆ ಟ್ಯಾನ್ಫ್ ಯೋಜನೆಯಡಿ ಸಿಗುವ ನಗದು ನೆರವು. ಇದನ್ನು ಎಟಿಎಂನಿಂದ ತೆಗೆದು ಬಾಡಿಗೆಗೆ, ಬಟ್ಟೆಗೆ, ಬಸ್ಸಿಗೆ, ಹೆಚ್ಚುಕಡಿಮೆ ಯಾವುದಕ್ಕೆ ಬೇಕಾದರೂ ಬಳಸಬಹುದು. ವಿಚಿತ್ರವೆಂದರೆ, ಕಟ್ಟುಪಾಡು ಹೆಚ್ಚಿರುವ ಮೊದಲನೆಯ ಹಣವನ್ನು ಇಂದು ಆ ದೇಶದ 50 ರಾಜ್ಯಗಳಲ್ಲೂ ಆನ್‌ಲೈನ್ ಅಂಗಡಿಗಳಲ್ಲಿ ಖರ್ಚು ಮಾಡಬಹುದು. ಕಟ್ಟುಪಾಡು ಕಡಿಮೆಯಿರುವ ಎರಡನೆಯದನ್ನಾದರೋ ವಾಲ್‌ಮಾರ್ಟ್, ಅಮೆಜಾನ್‌ನಂಥ ಕೆಲವು ದೊಡ್ಡ ಕಂಪನಿಗಳಷ್ಟೇ ಸ್ವೀಕರಿಸುತ್ತವೆ, ಅದೂ ಎಲ್ಲ ರಾಜ್ಯಗಳ ಕಾರ್ಡಿಗೆ ಅನ್ವಯಿಸುವುದಿಲ್ಲ. ಉಳಿದ ಜಾಲತಾಣಗಳಲ್ಲಿ ಅದು ನಡೆಯದ ನಾಣ್ಯ. ಈ ಅಡ್ಡಿಯನ್ನು ಯಾವ ಶಾಸನವೂ ಉದ್ದೇಶಪಟ್ಟು ಹಾಕಿದ್ದಲ್ಲ. ಹಣವನ್ನು ತಲುಪಿಸುವ ಸಾಧನಕ್ಕೆ ಅಂಟಿಸಿದ ಗುರುತಿನಿಂದಲೇ ಅದು ಹುಟ್ಟಿದೆ ಎಂಬುದು ಈ ಲೇಖನದ ವಾದ. ಹಾಗಿದ್ದರೆ ಪರಿಹಾರವನ್ನು ಒಪ್ಪಿತ ಜಾಲತಾಣಗಳ ಪಟ್ಟಿ ಬೆಳೆಸುವುದರಲ್ಲಿ ಹುಡುಕಬಾರದು, ಆ ಗುರುತನ್ನು ಕಳಚುವುದರಲ್ಲಿ ಹುಡುಕಬೇಕು.

ಇಬಿಟಿ ಹುಟ್ಟಿದ್ದು ಆಡಳಿತದ ಅನುಕೂಲಕ್ಕೆ. ಕಾಗದದ ಆಹಾರ ಕೂಪನ್‌ಗಳನ್ನು ಅಚ್ಚು ಹಾಕಿಸುವ, ಹಂಚುವ, ಎಣಿಸುವ ಖರ್ಚು ತಗ್ಗಿಸಲು 1984ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ನಗರದಲ್ಲಿ ಕಾರ್ಡಿನ ಮೊದಲ ಪ್ರಯೋಗ ನಡೆಯಿತು. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾಯ್ದೆ, 2002ರ ಅಕ್ಟೋಬರ್ ಒಳಗೆ ಎಲ್ಲ ರಾಜ್ಯಗಳೂ ಆಹಾರ ನೆರವನ್ನು ಕಾರ್ಡಿಗೆ ಬದಲಿಸಬೇಕೆಂದು ವಿಧಿಸಿತು. 1935ರಿಂದ ನಡೆದುಬಂದಿದ್ದ ನಗದು ನೆರವಿನ ವ್ಯವಸ್ಥೆಯನ್ನು ರದ್ದುಮಾಡಿ, ಕೇಂದ್ರದ ಹಣಕ್ಕೆ 60 ತಿಂಗಳ ಮಿತಿ ಹಾಕಿ ಟ್ಯಾನ್ಫ್ ತಂದದ್ದೂ ಅದೇ ಕಾಯ್ದೆ. ಆಹಾರಕ್ಕೆಂದು ಕಟ್ಟಿದ ಯಂತ್ರವ್ಯವಸ್ಥೆ ಸಿದ್ಧವಾಗಿದ್ದಾಗ ನಗದಿಗೆ ಬೇರೆ ದಾರಿ ಏಕೆ ಎಂದು ರಾಜ್ಯಗಳು ಅದನ್ನೂ ಅದೇ ಕಾರ್ಡಿಗೆ ತುಂಬಿದವು. ಕೆಲವು ರಾಜ್ಯಗಳು ಬ್ಯಾಂಕ್ ಖಾತೆಗೆ ನೇರ ಜಮೆಯ ಆಯ್ಕೆ ಕೊಡುತ್ತವೆ, ನಿಜ. ಆದರೆ ಖಾತೆಯೇ ಇಲ್ಲದವರಿಗೆ ಕಾರ್ಡೇ ಗತಿ. ಸಮಾಜಶಾಸ್ತ್ರಜ್ಞೆ ವಿವಿಯಾನಾ ಝೆಲೈಝರ್ 1994ರ ತಮ್ಮ ‘ದಿ ಸೋಷಿಯಲ್ ಮೀನಿಂಗ್ ಆಫ್ ಮನಿ’ ಗ್ರಂಥದಲ್ಲಿ, ಜನರೂ ಸಂಸ್ಥೆಗಳೂ ಒಂದೇ ನಾಣ್ಯವನ್ನು ಬೇರೆ ಬೇರೆ ಹಣಗಳಾಗಿ ವಿಂಗಡಿಸುವ ಬಗೆಯನ್ನು ಚರ್ಚಿಸಿದ್ದಾರೆ. ಬಡವರಿಗೆ ಕೊಡುವ ದಾನದ ಹಣವೂ ಅವರ ಉದಾಹರಣೆಗಳಲ್ಲೊಂದು. ಆ ವಿಂಗಡಣೆ ಅಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿ, ಆಚಾರದಲ್ಲಿ ನಡೆಯುವಂಥದು. ಇಬಿಟಿಯಲ್ಲಿ ಅದು ಕಾರ್ಡಿನ ಮೇಲಿನ ಅಂಕಿಗಳಿಗೇ ಇಳಿದಿದೆ. ಅಂಗಡಿಯ ಯಂತ್ರಕ್ಕೆ ಅಂಕಿಗಳನ್ನು ನೋಡಿದೊಡನೆ ಇದು ಬಡವರ ಹಣವೆಂದು ತಿಳಿಯುತ್ತದೆ.

ಗುರುತಿದ್ದಲ್ಲಿ ಕಾವಲು ಬಂದೇ ಬರುತ್ತದೆ. 2010ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ, ಕ್ಯಾಲಿಫೋರ್ನಿಯಾದ ನೆರವಿನ ಕಾರ್ಡುಗಳಿಂದ ಜೂಜುಕಟ್ಟೆಗಳ ಎಟಿಎಂಗಳಲ್ಲೂ ಹಣ ತೆಗೆಯಬಹುದೆಂದು ಬಯಲಿಗೆಳೆಯಿತು. ಗವರ್ನರ್ ಶ್ವಾರ್ಜ್‌ನೆಗರ್ ಕೂಡಲೇ ಅದನ್ನು ತಡೆಯುವ ಆದೇಶ ಹೊರಡಿಸಿದರು. ರಾಜ್ಯದಾಚೆ ಖರ್ಚಾದ ನೆರವಿನ ಹಣದ ಬಗ್ಗೆಯೂ ಪತ್ರಿಕೆ ಬರೆಯಿತು. ಲಾಸ್ ವೇಗಸ್ಸಿನ ಹೆಸರು ಕೇಳಿ ಜನ ಕೆರಳಿದರು, ಆದರೆ ಆ ಮೊತ್ತ ಒಟ್ಟು ನೆರವಿನ ಶೇ. 1ಕ್ಕೂ ಕಡಿಮೆ ಎಂಬ ಅಂಶ ಗದ್ದಲದಲ್ಲಿ ಕೇಳಿಸಲಿಲ್ಲ. 2012ರಲ್ಲಿ ಅಮೆರಿಕದ ಸಂಸತ್ತು ಮದ್ಯದಂಗಡಿ, ಜೂಜುಕಟ್ಟೆ, ನಗ್ನ ಮನರಂಜನೆಯ ಸ್ಥಳ ಈ ಮೂರು ಕಡೆ ಟ್ಯಾನ್ಫ್ ಕಾರ್ಡಿನ ಬಳಕೆಯನ್ನು ತಡೆಯಬೇಕೆಂದು ರಾಜ್ಯಗಳಿಗೆ ಕಟ್ಟಳೆ ಹಾಕಿತು. 2015ರಲ್ಲಿ ಕ್ಯಾನ್ಸಸ್ ಇನ್ನೂ ಮುಂದೆ ಹೋಗಿ ವಿಲಾಸಿ ನೌಕಾಯಾನವನ್ನೂ ನಿಷೇಧದ ಪಟ್ಟಿಗೆ ಸೇರಿಸಿತು (ಟ್ಯಾನ್ಫ್ ಹಣದಲ್ಲಿ ನೌಕಾಯಾನ ಮಾಡಲು ಎಷ್ಟು ವರ್ಷ ಕೂಡಿಡಬೇಕೆಂದು ಶಾಸಕರು ಲೆಕ್ಕ ಹಾಕಿದಂತೆ ತೋರುವುದಿಲ್ಲ). ಜೊತೆಗೆ ಎಟಿಎಂನಿಂದ ದಿನಕ್ಕೆ 25 ಡಾಲರಿಗಿಂತ ಹೆಚ್ಚು ತೆಗೆಯಬಾರದೆಂದಿತು. ಯಂತ್ರಗಳು ಸಾಮಾನ್ಯವಾಗಿ 20 ಡಾಲರಿನ ನೋಟುಗಳನ್ನೇ ಕೊಡುವುದರಿಂದ ಅದು ನಿಜದಲ್ಲಿ 20 ಡಾಲರಿನ ಮಿತಿ, ಪ್ರತಿ ಬಾರಿಯೂ ಶುಲ್ಕ ಬೇರೆ. ಕೇಂದ್ರದ ಅನುದಾನಕ್ಕೇ ಕುತ್ತು ಬರುವ ಸಂಭವ ಕಂಡಾಗ ಆ ಮಿತಿಯನ್ನು ಕೈಬಿಡಲಾಯಿತು. ಇಲ್ಲಿ ಗಮನಿಸಬೇಕಾದದ್ದು, ಕೇಂದ್ರದ ಕಾನೂನು ಹೆಸರಿಸಿದ್ದು ಮೂರು ಬಗೆಯ ಸ್ಥಳಗಳನ್ನು ಮಾತ್ರ. ಆನ್‌ಲೈನ್ ಖರೀದಿಯನ್ನು ಅದು ನಿಷೇಧಿಸಲೇ ಇಲ್ಲ.

ಹಾಗಾದರೆ ತಡೆ ಎಲ್ಲಿದೆ? ಸಾಮಾನ್ಯ ಡೆಬಿಟ್ ಕಾರ್ಡಿನ ಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಮುದ್ರೆಯಿರುತ್ತದೆ. ಯಾವ ಜಾಲತಾಣದಲ್ಲಾದರೂ ಸಂಖ್ಯೆ ತುಂಬಿದರೆ ಹಣ ಸಂದಾಯವಾಗುತ್ತದೆ. ಬಹುಪಾಲು ಇಬಿಟಿ ಕಾರ್ಡುಗಳಲ್ಲಿ ಆ ಮುದ್ರೆಯಿಲ್ಲ. ಅವು ತಮ್ಮದೇ ಜಾಲದಲ್ಲಿ ಓಡುತ್ತವೆ, ಪ್ರತಿ ಖರೀದಿಗೂ ನಾಲ್ಕಂಕಿಯ ಪಿನ್ ಬೇಡುತ್ತವೆ. ಆನ್‌ಲೈನಿನಲ್ಲಿ ಪಿನ್ ಒತ್ತಿಸಿಕೊಳ್ಳಬೇಕಾದರೆ ಅಂಗಡಿಯವನು ಪ್ರಮಾಣಿತ ಭದ್ರತಾ ಸೇವೆಯೊಂದನ್ನು ಪ್ರತ್ಯೇಕವಾಗಿ ಜೋಡಿಸಿಕೊಳ್ಳಬೇಕು. ಆಹಾರ ನೆರವಿಗಾಗಿ ಈ ಕಷ್ಟವನ್ನು ದಾಟಲು ಸರ್ಕಾರವೇ ಮುಂದಾಯಿತು. 2014ರ ಕೃಷಿ ಕಾಯ್ದೆ ಪ್ರಯೋಗಕ್ಕೆ ಆದೇಶಿಸಿತು. 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಅದು ಶುರುವಾಯಿತು. ಮರುವರ್ಷ ಕೋವಿಡ್ ಬಂದು, ನಿಧಾನವಾಗಿ ನಡೆಯುತ್ತಿದ್ದ ಪ್ರಯೋಗ ಕೆಲವೇ ತಿಂಗಳಲ್ಲಿ ದೇಶದ ಬಹುಭಾಗವನ್ನು ವ್ಯಾಪಿಸಿತು. 2023ರಲ್ಲಿ ಅಲಾಸ್ಕಾ ಸೇರಿ ಪಟ್ಟಿ ಪೂರ್ತಿಯಾಯಿತು. ನಗದು ನೆರವಿಗೆ ಇಂಥ ಕೇಂದ್ರೀಯ ಆದೇಶ ಬರಲೇ ಇಲ್ಲ. ಆಹಾರ ನೆರವು ಕೃಷಿ ಇಲಾಖೆಯ ಅಡಿಯಲ್ಲಿದೆ, ಟ್ಯಾನ್ಫ್ ಆರೋಗ್ಯ ಇಲಾಖೆಯ ಅಡಿಯಲ್ಲಿದ್ದು ನಿತ್ಯದ ಆಡಳಿತವೆಲ್ಲ ರಾಜ್ಯಗಳದ್ದು. ಹೀಗಾಗಿ ಒಂದೇ ಕಾರ್ಡಿನ ಎರಡು ಲೆಕ್ಕಗಳಿಗೆ ಎರಡು ಬೇರೆ ಹಣೆಬರಹಗಳಾದವು.

ಇದರ ಬಾಧೆ ಎಷ್ಟೆಂದು ತಿಳಿಯಲು ಡೈಪರ್ ಸಾಕು. ಆಹಾರ ನೆರವಿನ ಯಾವ ಯೋಜನೆಯೂ ಅದಕ್ಕೆ ಹಣ ಕೊಡುವುದಿಲ್ಲ, ಆದ್ದರಿಂದ ಎಳೆಗೂಸಿನ ತಾಯಿಗೆ ನಗದು ನೆರವೇ ಆಧಾರ. ಆರ್ಕನ್ಸಾದಲ್ಲಿ ಮೂವರ ಕುಟುಂಬಕ್ಕೆ ಬಹುಕಾಲದಿಂದ ತಿಂಗಳಿಗೆ ಸಿಗುತ್ತಿದ್ದ ಗರಿಷ್ಠ ಟ್ಯಾನ್ಫ್ ನೆರವು 204 ಡಾಲರ್. ಕಾರಿಲ್ಲದ, ಬಸ್ಸೂ ಓಡದ ಹಳ್ಳಿಯಲ್ಲಿರುವವಳು ಈ ಹಣದಿಂದ ಡೈಪರನ್ನು ಮನೆಗೆ ತರಿಸಿಕೊಳ್ಳಬೇಕಾದರೆ ಮೊದಲು ಎಟಿಎಂಗೆ ಹೋಗಬೇಕು, ಶುಲ್ಕ ತೆರಬೇಕು, ಆ ನೋಟುಗಳನ್ನು ಅಂಗಡಿಯಲ್ಲಿ ಕೊಟ್ಟು ಗಿಫ್ಟ್ ಕಾರ್ಡನ್ನೋ ಪ್ರೀಪೇಯ್ಡ್ ಕಾರ್ಡನ್ನೋ ಕೊಳ್ಳಬೇಕು, ಪ್ರೀಪೇಯ್ಡ್ ಆದರೆ ಅದಕ್ಕೂ ಶುಲ್ಕ. ಮನೆಬಾಗಿಲಿಗೆ ತರಿಸುವ ಸೌಕರ್ಯ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಅದಕ್ಕಾಗಿ ಮೊದಲು ಪೇಟೆಗೆ ಹೋಗಬೇಕಾಗಿದೆ. ಸಾಮಾನು ಸಾಗಿಸುವ ಶುಲ್ಕದ ಗಂಟೂ ಇಲ್ಲೇ ಇದೆ. ಸ್ನ್ಯಾಪ್ ಹಣದಿಂದ ಅದನ್ನು ಕಟ್ಟುವಂತಿಲ್ಲ, ನಗದು ಲೆಕ್ಕದಿಂದ ಕಟ್ಟಬಹುದಿತ್ತು. ಆದರೆ ಅಂಗಡಿ ನಗದು ಲೆಕ್ಕವನ್ನು ಒಪ್ಪದಿದ್ದರೆ ಸ್ನ್ಯಾಪಿನ ಆನ್‌ಲೈನ್ ಸೌಲಭ್ಯವೂ ಕುಂಟುತ್ತದೆ. ಪಾವತಿಯ ಬಗೆ ಬದಲಾದರೆ ಬದುಕೇ ಬದಲಾಗಬಲ್ಲದೆಂಬುದಕ್ಕೆ ಜೆನ್ನಿ ಏಕರ್ ಮತ್ತು ಸಂಗಡಿಗರು ನೈಜರ್ ದೇಶದಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. ಕೈಗೆ ನೋಟು ಪಡೆದವರಿಗಿಂತ ಮೊಬೈಲ್ ಮೂಲಕ ಅಷ್ಟೇ ಮೊತ್ತ ಪಡೆದ ಕುಟುಂಬಗಳ ಊಟದಲ್ಲಿ ವೈವಿಧ್ಯ ಹೆಚ್ಚಿತ್ತು. ಓಡಾಟದ ಸಮಯ ಉಳಿದದ್ದು, ಮನೆಯೊಳಗೆ ಹೆಂಗಸರ ಮಾತಿಗೆ ಬೆಲೆ ಬಂದದ್ದು ಇದಕ್ಕೆ ಕಾರಣವೆಂದು ಅವರು ವಿವರಿಸಿದ್ದಾರೆ.

ಮೊದಲ ಆಕ್ಷೇಪ ಹಳೆಯದು: ದಾರಿ ಸಲೀಸಾದರೆ ಹಣ ಪೋಲಾಗುತ್ತದೆ. ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೊವಾ ಹಲವು ದೇಶಗಳ ನಗದು ವರ್ಗಾವಣೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೆರವು ಸಿಕ್ಕ ಮೇಲೆ ಮದ್ಯ, ತಂಬಾಕುಗಳ ಖರ್ಚು ಏರಿದ್ದು ಕಾಣಲಿಲ್ಲ. ಅವೆಲ್ಲ ಅಭಿವೃದ್ಧಿಶೀಲ ದೇಶಗಳ ಅಧ್ಯಯನಗಳು, ಅಮೆರಿಕಕ್ಕೆ ಹಾಗೆಯೇ ಅನ್ವಯಿಸಲಾಗದು ಎನ್ನಬಹುದು, ಒಪ್ಪೋಣ. ಆದರೂ ಆಕ್ಷೇಪದ ತರ್ಕವೇ ತಲೆಕೆಳಗಾಗಿದೆ. ಎಟಿಎಂನಿಂದ ಹೊರಬಂದ ನೋಟು ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಾರರು. ಆನ್‌ಲೈನ್ ಖರೀದಿಯಲ್ಲಾದರೋ ಕೊಂಡ ಪ್ರತಿ ವಸ್ತುವಿನ ದಾಖಲೆ ಉಳಿಯುತ್ತದೆ. ದುರ್ಬಳಕೆಯೇ ಚಿಂತೆಯಾಗಿದ್ದರೆ ಜಾಲತಾಣವನ್ನು ತೆರೆದಿಟ್ಟು ಎಟಿಎಂಗೆ ಬೀಗ ಹಾಕಬೇಕಿತ್ತು. ಹೀಗೆ ಹೇಳಿದ ಮಾತ್ರಕ್ಕೆ ಆ ದಾಖಲೆ ಒಳ್ಳೆಯದೆಂದು ನಾನು ಒಪ್ಪಿದಂತಲ್ಲ. ಸೆಂಟರ್ ಫಾರ್ ಡಿಜಿಟಲ್ ಡೆಮಾಕ್ರಸಿ 2020ರಲ್ಲಿ ಹೊರತಂದ ವರದಿ, ಸ್ನ್ಯಾಪ್ ಬಳಸಿ ಆನ್‌ಲೈನಿನಲ್ಲಿ ದಿನಸಿ ಕೊಳ್ಳುವವರ ಮಾಹಿತಿ ಜಾಹೀರಾತು ಉದ್ಯಮಕ್ಕೆ ಸರಕಾಗುವ ಅಪಾಯವನ್ನು ಎತ್ತಿ ತೋರಿಸಿತು. ಎಲ್ಲ ಗ್ರಾಹಕರಿಗೂ ಇರುವ ಅಪಾಯವೇ ಅದು. ಆದರೆ ಉಳಿದವರು ಎಷ್ಟು ಬಡವರೆಂದು ಕಂಪನಿ ಊಹಿಸಬೇಕು, ಇವರ ವಿಷಯದಲ್ಲಿ ಕಾರ್ಡೇ ಅದನ್ನು ಹೇಳಿಬಿಡುತ್ತದೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು: ಆನ್‌ಲೈನ್ ಬಾಗಿಲು ತೆರೆದರೆ ಕಳ್ಳರಿಗೂ ತೆರೆದಂತೆ. ಈಚಿನ ವರ್ಷಗಳಲ್ಲಿ ಅಂಗಡಿಯ ಯಂತ್ರಗಳಿಗೆ ಕಳ್ಳಸಾಧನ ಅಂಟಿಸಿ ಇಬಿಟಿ ಕಾರ್ಡಿನ ಮಾಹಿತಿ ಕದಿಯುವ ದಂಧೆ ವ್ಯಾಪಕವಾಗಿದೆ. ತಿಂಗಳ ಆರಂಭದಲ್ಲಿ ಹಣ ಬಿದ್ದ ಮರುಗಳಿಗೆಯೇ ಖಾತೆ ಬರಿದಾಗುತ್ತದೆ. ಆದರೆ ಈ ಕಳವಿನ ಮೂಲ ಅಂತರ್ಜಾಲವಲ್ಲ. ಬ್ಯಾಂಕುಗಳು ಚಿಪ್ ಇರುವ ಕಾರ್ಡಿಗೆ ಬದಲಾಗಿ ಎಷ್ಟೋ ವರ್ಷಗಳಾದ ಮೇಲೂ ನೆರವಿನ ಕಾರ್ಡು ಕಾಂತಪಟ್ಟಿಯಲ್ಲೇ ಉಳಿದಿತ್ತು. ಕ್ಯಾಲಿಫೋರ್ನಿಯಾ ಚಿಪ್ ಕಾರ್ಡು ಕೊಡಲಾರಂಭಿಸಿದ್ದು 2025ರಲ್ಲಿ. ಕಾನೂನಿನ ರಕ್ಷಣೆಯಲ್ಲೂ ಇದೇ ಭೇದ. ಸಾಮಾನ್ಯ ಡೆಬಿಟ್ ಕಾರ್ಡು ಕಳೆದುಹೋದರೆ, ಎರಡು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನ ನಷ್ಟ 50 ಡಾಲರಿಗೆ ಸೀಮಿತ. ಫೆಡರಲ್ ರಿಸರ್ವ್ 1994ರಲ್ಲಿ ಈ ರಕ್ಷಣೆಯನ್ನು ಇಬಿಟಿಗೂ ವಿಸ್ತರಿಸುವ ನಿಯಮ ಮಾಡಿತ್ತು. ಕದ್ದ ಹಣ ತುಂಬಿಕೊಡುವ ಹೊರೆ ತಮ್ಮ ಮೇಲೆ ಬೀಳುತ್ತದೆಂದು ರಾಜ್ಯಗಳು ತಕರಾರೆತ್ತಿದವು. ನಿಯಮ ಕಡ್ಡಾಯವಾಗುವ ಮುನ್ನವೇ 1996ರ ಅದೇ ಕಲ್ಯಾಣ ಕಾಯ್ದೆ ರಾಜ್ಯಗಳ ಅಗತ್ಯಾಧಾರಿತ ನೆರವನ್ನು ಅದರಿಂದ ಹೊರಗಿಟ್ಟಿತು. 2022ರ ಕೊನೆಯಲ್ಲಿ ಸಂಸತ್ತು ಕದ್ದ ಸ್ನ್ಯಾಪ್ ಹಣವನ್ನು ಮರಳಿ ಕೊಡಲು ತಾತ್ಕಾಲಿಕ ಅವಕಾಶ ಮಾಡಿಕೊಟ್ಟಿತು, 2024ರ ಡಿಸೆಂಬರ್ 20ಕ್ಕೆ ಅದೂ ಮುಗಿಯಿತು. ನಗದು ನೆರವು ಅದರಲ್ಲಿ ಸೇರಿರಲೇ ಇಲ್ಲ. ಕಳವಿನ ಭಯವನ್ನು ಮುಂದಿಟ್ಟು ಆನ್‌ಲೈನ್ ಬಳಕೆ ಬೇಡವೆನ್ನುವವರು, ಆ ಭಯಕ್ಕೆ ಕಾರಣವಾದ ಭೇದವನ್ನೇ ತಮ್ಮ ವಾದಕ್ಕೆ ಆಧಾರ ಮಾಡಿಕೊಂಡಿದ್ದಾರೆ.

ಊರಿನ ಸಣ್ಣ ಅಂಗಡಿಗಳ ಹಣ ದೈತ್ಯ ಕಂಪನಿಗಳ ಪಾಲಾಗುತ್ತದೆ ಎಂಬ ಮಾತೂ ಇದೆ. ಆಗುತ್ತಿರುವುದು ಅದೇ. 2019ರ ಪ್ರಯೋಗ ಶುರುವಾದದ್ದು ಅಮೆಜಾನ್, ವಾಲ್‌ಮಾರ್ಟ್, ಶಾಪ್‌ರೈಟ್‌ಗಳಿಂದ. ಪಿನ್ ವ್ಯವಸ್ಥೆ, ಪ್ರಮಾಣೀಕರಣಗಳ ಖರ್ಚನ್ನು ಅಂಥವರೇ ಭರಿಸಬಲ್ಲರು. ಇಬಿಟಿ ಕಾರ್ಡಿದ್ದವರಿಗೆ 2017ರಿಂದಲೇ ಪ್ರೈಮ್ ಸದಸ್ಯತ್ವವನ್ನು ಅಗ್ಗಕ್ಕೆ ಕೊಡುತ್ತಿರುವ ಅಮೆಜಾನ್‌ಗೆ ಈ ಮಾರುಕಟ್ಟೆಯ ಬೆಲೆ ಚೆನ್ನಾಗಿ ಗೊತ್ತು. ಹಣದ ಮೇಲೆ ಗುರುತಿಲ್ಲದಿದ್ದರೆ ಜಾಲತಾಣವಿರುವ ಪಕ್ಕದೂರಿನ ಬಟ್ಟೆಯಂಗಡಿಯವನೂ ಅದನ್ನು ಪಡೆಯುತ್ತಿದ್ದ.

ಗುರುತಿಲ್ಲದ ಹಣ ಹೇಗೆ ನಡೆಯುತ್ತದೆಂಬುದಕ್ಕೆ ಕರ್ನಾಟಕದಲ್ಲಿ ಉದಾಹರಣೆಯಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ, ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರ ಸ್ವಂತ ಬ್ಯಾಂಕ್ ಖಾತೆಗೆ ಬೀಳುತ್ತದೆ. ಬಿದ್ದ ಕ್ಷಣದಿಂದ ಅದು ಖಾತೆಯ ಉಳಿದ ಹಣದೊಡನೆ ಬೆರೆತುಹೋಗುತ್ತದೆ. ಯುಪಿಐ ಮೂಲಕ ಮೀಶೋದಲ್ಲಿ ಮಗಳಿಗೆ ಚೂಡಿದಾರ ತರಿಸಿದರೆ, ಅದು ಗೃಹಲಕ್ಷ್ಮಿ ದುಡ್ಡೋ ಕೂಲಿ ದುಡ್ಡೋ ಎಂದು ಮಾರುವವನಿಗೆ ತಿಳಿಯುವ ದಾರಿಯೇ ಇಲ್ಲ. ಕಂತು ಕೂಡಿಟ್ಟು ಫ್ರಿಜ್ಜು, ಹೊಲಿಗೆ ಯಂತ್ರ ಕೊಂಡವರ, ಊರಿಗೆ ಹೋಳಿಗೆ ಊಟ ಹಾಕಿಸಿದವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂದಿದೆ. ಟೀಕಿಸಿದವರೂ ಉಂಟು, ಆದರೆ ಟೀಕೆಗೆ ಖರೀದಿಯನ್ನು ತಡೆಯುವ ಬಲವಿರಲಿಲ್ಲ. ನಮ್ಮ ತೊಡಕುಗಳು ಬಹುಪಾಲು ಹಣ ಖಾತೆಗೆ ಬರುವ ಮುಂಚಿನವು: ಆಧಾರ್ ಜೋಡಣೆಯಾಗಿಲ್ಲ, ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿದೆ, ಕಂತು ತಡವಾಗಿದೆ. ಖಾತೆಯಲ್ಲಿ ಹಣವಿದ್ದರೂ ಫೋನು ಗಂಡನ ಅಥವಾ ಮಗನ ಕೈಲಿದ್ದರೆ ಖರೀದಿ ಯಾರದೆಂಬ ಪ್ರಶ್ನೆಯೂ ಉಳಿಯುತ್ತದೆ. ಈ ಕೊರತೆಗಳನ್ನು ಮರೆಮಾಚಿ ಅಮೆರಿಕಕ್ಕೆ ಉಪದೇಶ ಮಾಡುವುದು ಸಲ್ಲದು. ಗುರುತಿನ ಹಣದ ಸೆಳೆತ ನಮಗೂ ಇಲ್ಲದಿಲ್ಲ. 2021ರ ಆಗಸ್ಟ್ 2ರಂದು ಆರಂಭವಾದ ಇ-ರುಪಿ, ಗೊತ್ತಾದ ವ್ಯಕ್ತಿ ಗೊತ್ತಾದ ಉದ್ದೇಶಕ್ಕೆ ಮಾತ್ರ ಬಳಸಬಹುದಾದ ಡಿಜಿಟಲ್ ವೋಚರ್. ಲಸಿಕೆಗೋ ಕಾಲೇಜಿನ ಶುಲ್ಕಕ್ಕೋ ಅದು ಹೊಂದೀತು. ಮನೆ ನಡೆಸುವ ನೆರವನ್ನು ಅದಕ್ಕೆ ಬದಲಿಸಿದರೆ, ಯಾವ ಅಂಗಡಿ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂಬ ಪಟ್ಟಿ ಇಲ್ಲೂ ಶುರುವಾಗುತ್ತದೆ.

ಅಮೆರಿಕದಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಕೋವಿಡ್ ಕಾಲದಲ್ಲಿ ಅದೇ ಸರ್ಕಾರ ಕೋಟ್ಯಂತರ ಮಂದಿಗೆ ಪರಿಹಾರಧನವನ್ನು ಬ್ಯಾಂಕ್ ಖಾತೆಗೆ ನೇರವಾಗಿ ಕಳಿಸಿತು, ಇನ್ನು ಕೆಲವರಿಗೆ ವೀಸಾ ಮುದ್ರೆಯ ಡೆಬಿಟ್ ಕಾರ್ಡನ್ನು ಅಂಚೆಯಲ್ಲಿ ಕಳಿಸಿತು. ಅದನ್ನು ಯಾವ ಜಾಲತಾಣದಲ್ಲಿ ಖರ್ಚು ಮಾಡಿದಿರೆಂದು ಯಾರನ್ನೂ ಕೇಳಲಿಲ್ಲ. ಟ್ಯಾನ್ಫ್ ಕುಟುಂಬಗಳಿಗೂ ಈ ಎರಡು ದಾರಿಗಳನ್ನು ತೆರೆಯಬೇಕು, ಖಾತೆಯಿಲ್ಲದವರಿಗೆ ಶುಲ್ಕವಿಲ್ಲದ ಖಾತೆ ಕೊಡಬೇಕು. ಇಬಿಟಿಯಲ್ಲೇ ಉಳಿಯುವವರಿಗೆ ಕಳವಿನಿಂದ ರಕ್ಷಣೆ ಕೊಡಲು ಹೊಸ ಶಾಸನವನ್ನು ಮೊದಲಿಂದ ಕಟ್ಟಬೇಕಾಗಿಲ್ಲ. 1996ರ ಕಾಯ್ದೆಯ ಆ ಒಂದು ವಿನಾಯಿತಿಯನ್ನು ಸಂಸತ್ತು ಹಿಂತೆಗೆದುಕೊಳ್ಳಬೇಕು.