ಮರುಬಳಕೆಯ ಆ್ಯಪ್‌ನಲ್ಲಿ ತೀರ್ಮಾನಗಳ ಹಂಚಿಕೆ: ಜ್ಯಾಂಗೊ ಚೌಕಟ್ಟಿನ ಆಧಾರದಲ್ಲಿ ಒಂದು ಅಧ್ಯಯನ

1. ಪೀಠಿಕೆ

ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಪೈಥಾನ್ ಭಾಷೆಯಲ್ಲಿ ಕಟ್ಟತೊಡಗಿದ ವೆಬ್ ಚೌಕಟ್ಟು ಜ್ಯಾಂಗೊ. 2005ರ ಜುಲೈಯಲ್ಲಿ ಅದು ಬಿಎಸ್‌ಡಿ ಪರವಾನಗಿಯಡಿ ಎಲ್ಲರಿಗೂ ದೊರೆಯಿತು. ಸುದ್ದಿಮನೆಯಲ್ಲಿ ಹೊಸ ತಾಣವನ್ನು ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಕೆಲವೇ ಗಂಟೆಗಳಲ್ಲಿ ಸಿದ್ಧಪಡಿಸಬೇಕಾಗುತ್ತಿತ್ತು. ಒಂದು ತಾಣಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಬಳಸದೆ ಗತ್ಯಂತರವಿರಲಿಲ್ಲ. ಇಡೀ ತಾಣಕ್ಕೆ ‘ಪ್ರಾಜೆಕ್ಟ್’ ಎಂದೂ ಅದರೊಳಗಿನ ಒಂದೊಂದು ಘಟಕಕ್ಕೆ ‘ಆ್ಯಪ್’ ಎಂದೂ ಕರೆಯುವ ಜ್ಯಾಂಗೊದ ವಿಂಗಡಣೆ ಈ ಅಗತ್ಯಕ್ಕೆ ಒಪ್ಪುವಂಥದ್ದು.

ವಿಂಗಡಿಸಿದ ಮಾತ್ರಕ್ಕೆ ಆ್ಯಪ್ ಇನ್ನೊಬ್ಬರ ಕೈಗೆ ಒದಗುವುದಿಲ್ಲ. ಪ್ರಸ್ತುತ ಲೇಖನದ ವಾದ ಇಷ್ಟು: ಯಾವುದನ್ನು ಆ್ಯಪ್ ಬರೆದವರು ತೀರ್ಮಾನಿಸಬೇಕು, ಯಾವುದನ್ನು ಬಳಸುವ ಪ್ರಾಜೆಕ್ಟಿಗೆ ಬಿಡಬೇಕು ಎಂಬುದು ಸ್ಪಷ್ಟವಾಗಿದ್ದಷ್ಟೂ ಮರುಬಳಕೆ ಸುಲಭವಾಗುತ್ತದೆ. ಜ್ಯಾಂಗೊದ ಆವೃತ್ತಿಗಳ ಇತಿಹಾಸವನ್ನು ಆಧಾರವಾಗಿಟ್ಟುಕೊಂಡು ಈ ವಾದವನ್ನು ಇಲ್ಲಿ ಪರಿಶೀಲಿಸಲಾಗಿದೆ.

2. ವ್ಯಾಪ್ತಿ

2008ರ ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಜ್ಯಾಂಗೊಕಾನ್ ಸಮ್ಮೇಳನದಲ್ಲಿ ಜೇಮ್ಸ್ ಬೆನೆಟ್ ಮರುಬಳಕೆಯ ಆ್ಯಪ್‌ಗಳ ಬಗ್ಗೆ ಮಾತನಾಡಿದರು. ಆ್ಯಪ್ ಒಂದೇ ಕೆಲಸ ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು ಎಂಬುದು ಅವರ ನಿಲುವಿನ ತಿರುಳು. ಅವರೇ ಬರೆದ ‘ಜ್ಯಾಂಗೊ ರಿಜಿಸ್ಟ್ರೇಶನ್’ ಬಳಕೆದಾರರ ಖಾತೆ ತೆರೆಯುವ ಕೆಲಸಕ್ಕಷ್ಟೇ ನಿಲ್ಲುತ್ತದೆ. ಒಂದು ಆ್ಯಪ್ ಏನು ಮಾಡುತ್ತದೆಂದು ಹೇಳಲು ಒಂದು ವಾಕ್ಯ ಸಾಲದಿದ್ದರೆ ಅದನ್ನು ಒಡೆಯುವುದು ಲೇಸು.

3. ಬಳಕೆದಾರ ಮತ್ತು ದತ್ತಾಂಶ

ವ್ಯಾಪ್ತಿ ಸಣ್ಣದಾದರೂ ಆ್ಯಪ್ ಹೊರಗಿನ ಮಾಡೆಲ್‌ಗಳನ್ನು ಅವಲಂಬಿಸಲೇಬೇಕು. ಜ್ಯಾಂಗೊ 1.5ಕ್ಕಿಂತ ಮೊದಲು ಎಲ್ಲ ಆ್ಯಪ್‌ಗಳೂ ಚೌಕಟ್ಟಿನ ಒಂದೇ ‘ಯೂಸರ್’ ಮಾಡೆಲ್‌ಗೆ ನೇರವಾಗಿ ಫಾರಿನ್ ಕೀ ಹಾಕುತ್ತಿದ್ದವು. ಆ ಮಾಡೆಲ್‌ನಲ್ಲಿ ಬಳಕೆದಾರನ ಹೆಸರಿಗೆ 30 ಅಕ್ಷರಗಳ ಮಿತಿಯಿತ್ತು. ಇಮೇಲ್ ವಿಳಾಸವನ್ನೇ ಲಾಗಿನ್ ಹೆಸರಾಗಿಸಲು ಹೊರಟವರಿಗೆ ಇದು ತೊಡಕಾಗುತ್ತಿತ್ತು. 2013ರ ಫೆಬ್ರವರಿಯಲ್ಲಿ ಬಂದ 1.5ನೇ ಆವೃತ್ತಿ, ಬಳಕೆದಾರನ ಮಾಡೆಲ್ ಯಾವುದೆಂದು ಹೇಳುವ ಹಕ್ಕನ್ನು ‘ಆಥ್ ಯೂಸರ್ ಮಾಡೆಲ್’ ಎಂಬ ಸೆಟ್ಟಿಂಗ್ ಮೂಲಕ ಪ್ರಾಜೆಕ್ಟಿಗೆ ವಹಿಸಿತು. ಅಲ್ಲಿಂದೀಚೆಗೆ ಆ್ಯಪ್‌ನಲ್ಲಿ ಫಾರಿನ್ ಕೀ ಬರೆಯುವಾಗ ಈ ಸೆಟ್ಟಿಂಗನ್ನೇ ಉಲ್ಲೇಖಿಸುವುದು ಕಡ್ಡಾಯವೆನ್ನಬಹುದಾದ ನಿಯಮ.

ಯಾವ ಮಾಡೆಲ್‌ಗೆ ಬೇಕಾದರೂ ಅಂಟಿಕೊಳ್ಳಬೇಕಾದ ಆ್ಯಪ್‌ನ ಕಥೆ ಬೇರೆ. ಓದುಗರ ಪ್ರತಿಕ್ರಿಯೆಗಳನ್ನು ನಿರ್ವಹಿಸಲು ಚೌಕಟ್ಟಿನಲ್ಲೇ ಇದ್ದ ‘ಕಾಮೆಂಟ್ಸ್’ ಆ್ಯಪ್ ಇದಕ್ಕೆ ನಿದರ್ಶನ. ಲೇಖನವಿರಲಿ, ಚಿತ್ರವಿರಲಿ, ಯಾವುದಕ್ಕಾದರೂ ಪ್ರತಿಕ್ರಿಯೆ ಜೋಡಿಸಲು ಅದು ‘ಜೆನೆರಿಕ್ ಫಾರಿನ್ ಕೀ’ ತಂತ್ರವನ್ನು ಬಳಸಿತು. ಈ ತಂತ್ರಕ್ಕೆ ತೆರಬೇಕಾದ ಬೆಲೆಯೂ ಇದೆ. ಕೊಂಡಿಯ ಇನ್ನೊಂದು ತುದಿಯಲ್ಲಿ ದಾಖಲೆ ಉಳಿದಿದೆಯೇ ಎಂದು ಡೇಟಾಬೇಸ್ ತಾನಾಗಿ ಕಾಯುವುದಿಲ್ಲ. ಆ ಕೊಂಡಿಯ ಮೂಲಕ ನೇರವಾಗಿ ಸೋಸಿ ಹುಡುಕಲೂ ಬಾರದು. ಈ ಆ್ಯಪನ್ನು 1.8ನೇ ಆವೃತ್ತಿಯಲ್ಲಿ ಚೌಕಟ್ಟಿನಿಂದ ಕೈಬಿಡಲಾಯಿತು. ಇಂದು ಅದು ಪ್ರತ್ಯೇಕ ಪ್ಯಾಕೇಜು.

ಇದಕ್ಕೆ ಪರ್ಯಾಯವೆಂದರೆ ಅಮೂರ್ತ ಮಾಡೆಲ್. ಆ್ಯಪ್ ಸಾಮಾನ್ಯ ಗುಣಗಳನ್ನಷ್ಟೇ ಕೊಡುತ್ತದೆ. ಕೋಷ್ಟಕ, ಅದರ ಫಾರಿನ್ ಕೀ, ಅದರ ಮೈಗ್ರೇಶನ್ ಎಲ್ಲವೂ ಪ್ರಾಜೆಕ್ಟಿನ ಪಾಲಿಗೆ ಬರುತ್ತವೆ. ಬಳಸುವವರಿಗೆ ಕೆಲಸ ಹೆಚ್ಚು, ದತ್ತಾಂಶ ಮಾತ್ರ ಗಟ್ಟಿ. ಜೋಡಿಸಬೇಕಾದ ಮಾಡೆಲ್‌ಗಳು ಮೊದಲೇ ಗೊತ್ತಿದ್ದಲ್ಲಿ ಈ ದಾರಿಯೇ ಮೇಲು.

4. ಹೆಸರು ಮತ್ತು ಟೆಂಪ್ಲೇಟ್

ಎರಡು ಆ್ಯಪ್‌ಗಳು ಒಂದೇ ಹೆಸರಿನ ಟೆಂಪ್ಲೇಟ್ ತಂದರೆ, ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಮೊದಲು ಇರುವುದರದು ಗೆಲ್ಲುತ್ತದೆ. ಆದ್ದರಿಂದ ಟೆಂಪ್ಲೇಟ್‌ಗಳನ್ನೂ ಸ್ಟ್ಯಾಟಿಕ್ ಕಡತಗಳನ್ನೂ ಆ್ಯಪ್‌ನ ಹೆಸರಿನ ಉಪಕೋಶದಲ್ಲಿ ಇಡಬೇಕು. ಯುಆರ್‌ಎಲ್ ಹೆಸರುಗಳಿಗೆ 2009ರಲ್ಲಿ ಬಂದ 1.1ನೇ ಆವೃತ್ತಿಯಿಂದಲೇ ನೇಮ್‌ಸ್ಪೇಸ್ ಸೌಲಭ್ಯವಿದೆ. ಟೆಂಪ್ಲೇಟನ್ನು ಸಣ್ಣ ಸಣ್ಣ ಬ್ಲಾಕ್‌ಗಳಾಗಿ ಒಡೆದಿಟ್ಟರೆ ಪ್ರಾಜೆಕ್ಟ್ ತನಗೆ ಬೇಕಾದ ಭಾಗವನ್ನಷ್ಟೇ ಬದಲಿಸಿಕೊಳ್ಳಬಹುದು. ಸೆಟ್ಟಿಂಗ್‌ಗಳಿಗೆ ಆ್ಯಪ್‌ನ ಹೆಸರಿನ ಪೂರ್ವಪದವಿರಲಿ. ಪ್ರತಿಯೊಂದಕ್ಕೂ ಸರಿಯಾದ ಪೂರ್ವನಿಯೋಜಿತ ಮೌಲ್ಯವಿರಲಿ.

5. ಮೈಗ್ರೇಶನ್

ಕೋಷ್ಟಕಗಳ ರಚನೆಯನ್ನು ಹಂತಹಂತವಾಗಿ ಬದಲಿಸುವ ಮೈಗ್ರೇಶನ್ ವ್ಯವಸ್ಥೆ 2014ರ 1.7ನೇ ಆವೃತ್ತಿಯಲ್ಲಿ ಚೌಕಟ್ಟಿನ ಒಳಗೆ ಬಂತು. ಅದಕ್ಕೂ ಮೊದಲು ಆಂಡ್ರ್ಯೂ ಗಾಡ್ವಿನ್ ಅವರ ‘ಸೌತ್’ ಎಂಬ ಪ್ರತ್ಯೇಕ ಆ್ಯಪ್ ಈ ಕೆಲಸ ಮಾಡುತ್ತಿತ್ತು. ಆ್ಯಪ್‌ನ ಮೈಗ್ರೇಶನ್ ಬರೆಯುವ ಹೊಣೆ ಪೂರ್ತಿಯಾಗಿ ಆ್ಯಪ್‌ನದು.

2021ರ ಏಪ್ರಿಲ್‌ನಲ್ಲಿ ಬಂದ 3.2ನೇ ಆವೃತ್ತಿ ಈ ಹೊಣೆಗಾರಿಕೆಯನ್ನು ಪರೀಕ್ಷೆಗೆ ಒಡ್ಡಿತು. ತಾನಾಗಿ ಸೇರುವ ಪ್ರೈಮರಿ ಕೀ ಯಾವ ಬಗೆಯದೆಂದು ಪ್ರಾಜೆಕ್ಟ್ ಹೇಳಬಹುದಾಯಿತು. ಹೊಸ ಪ್ರಾಜೆಕ್ಟ್‌ಗಳಲ್ಲಿ ಅದು ‘ಬಿಗ್ ಆಟೊ ಫೀಲ್ಡ್’. ತನ್ನ ಕೀ ಯಾವ ಬಗೆಯದೆಂದು ಆ್ಯಪ್ ಹೇಳದೆ ಬಿಟ್ಟರೆ ಮೈಗ್ರೇಶನ್ ಆದೇಶವು ಆ ಆ್ಯಪ್‌ನ ಪ್ಯಾಕೇಜಿನ ಒಳಗೇ ಹೊಸ ಕಡತವೊಂದನ್ನು ಬರೆಯುತ್ತದೆ. ಪ್ಯಾಕೇಜನ್ನು ಮತ್ತೆ ಸ್ಥಾಪಿಸಿದಾಗ ಆ ಕಡತ ಉಳಿಯುವುದಿಲ್ಲ, ಡೇಟಾಬೇಸ್ ಮಾತ್ರ ಬದಲಾಗಿಬಿಟ್ಟಿರುತ್ತದೆ. ಆ್ಯಪ್‌ನ ಕಾನ್ಫಿಗ್ ವರ್ಗದಲ್ಲಿ ಒಂದು ಸಾಲು ಬರೆದರೆ ಈ ಆಪತ್ತು ತಪ್ಪುತ್ತದೆ. ಬಳಕೆದಾರನ ಮಾಡೆಲ್ ಪ್ರಾಜೆಕ್ಟಿಗೆ ಬಿಡಬೇಕಾದ ತೀರ್ಮಾನವಾದರೆ, ಇದು ಆ್ಯಪ್ ತಾನೇ ಕೈಗೊಳ್ಳಬೇಕಾದ ತೀರ್ಮಾನ.

6. ಭಾಷೆ: ಕನ್ನಡದ ಒರೆಗಲ್ಲು

ಜ್ಯಾಂಗೊದ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಆ್ಯಪ್ ತನ್ನ ಸಂದೇಶಗಳನ್ನು ಅನುವಾದಕ್ಕೆ ತೆರೆದಿಟ್ಟು, ಸಂಕಲಿತ ಅನುವಾದ ಕಡತಗಳನ್ನು ಪ್ಯಾಕೇಜಿನಲ್ಲಿ ಸೇರಿಸಿದರೆ ಪರದೆಯ ಮೇಲಿನ ಮಾತು ಕನ್ನಡವಾಗುತ್ತದೆ. ಬಳಕೆದಾರರು ಕನ್ನಡದಲ್ಲಿ ತುಂಬುವ ಮಾಹಿತಿಗೆ ಇಷ್ಟು ಸಾಲದು.

ಶೀರ್ಷಿಕೆಯಿಂದ ಯುಆರ್‌ಎಲ್‌ನ ತುಣುಕನ್ನು, ಅಂದರೆ ಸ್ಲಗ್ಗನ್ನು, ಮಾಡುವ ‘ಸ್ಲಗಿಫೈ’ ಫಂಕ್ಷನ್ನನ್ನು ನೋಡಿ. ಅದರ ಸಾಮಾನ್ಯ ರೂಪ ಆಸ್ಕಿಯ ಆಚೆಗಿನದನ್ನೆಲ್ಲ ಬಿಸಾಡುತ್ತದೆ. ಪೂರ್ತಿ ಕನ್ನಡದಲ್ಲಿರುವ ಶೀರ್ಷಿಕೆಗೆ ಸಿಗುವುದು ಖಾಲಿ ಸ್ಲಗ್. 1.9ನೇ ಆವೃತ್ತಿಯಲ್ಲಿ ಯೂನಿಕೋಡ್ ಅನುಮತಿಸುವ ಆಯ್ಕೆ ಸೇರಿತು. ಆದರೆ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಸ್ವರಚಿಹ್ನೆಗಳನ್ನೂ ಹಲಂತ ಚಿಹ್ನೆಯನ್ನೂ, ಎಂದರೆ ಗುಣಿತವನ್ನೂ ಒತ್ತನ್ನೂ ಮೂಡಿಸುವ ಗುರುತುಗಳನ್ನು, ಪದದ ಅಕ್ಷರಗಳೆಂದು ಎಣಿಸುವುದಿಲ್ಲ. ಹೀಗಾಗಿ ‘ಕರ್ನಾಟಕ’ ಎಂಬುದು ‘ಕರನಟಕ’ ಆಗುತ್ತದೆ. ಸ್ಲಗ್ ಫೀಲ್ಡ್‌ನ ತಪಾಸಣೆಯೂ ಇದೇ ನಿಯಮವನ್ನು ಅನುಸರಿಸುವುದರಿಂದ ಸರಿಯಾದ ಕನ್ನಡ ರೂಪವನ್ನು ಕೈಯಿಂದ ತುಂಬಿದರೂ ಅದು ತಿರಸ್ಕರಿಸುತ್ತದೆ. ಯುಆರ್‌ಎಲ್‌ನ ಸ್ಲಗ್ ಪರಿವರ್ತಕವಂತೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಅಡಿಗೆರೆಗಳನ್ನಷ್ಟೇ ಒಪ್ಪುತ್ತದೆ.

ಇಲ್ಲಿಯ ಪರಿಹಾರವೂ ತೀರ್ಮಾನದ ಹಂಚಿಕೆಯೇ. ಸ್ಲಗ್ ತಯಾರಿಸುವ ಕೆಲಸವನ್ನು ಒಂದೇ ಫಂಕ್ಷನ್ನಿನಲ್ಲಿಟ್ಟು, ಸೆಟ್ಟಿಂಗ್ ಮೂಲಕ ಅದನ್ನು ಬದಲಿಸಲು ಬಿಡಬೇಕು. ದಾಖಲೆಯನ್ನು ಗುರುತಿಸಲು ಸ್ಲಗ್ಗನ್ನಷ್ಟೇ ನೆಚ್ಚದೆ ಕ್ರಮಸಂಖ್ಯೆಯನ್ನೂ ಯುಆರ್‌ಎಲ್‌ನಲ್ಲಿ ಇಡುವುದು ಇನ್ನೂ ಸುರಕ್ಷಿತ.

7. ಪರೀಕ್ಷೆ ಮತ್ತು ನಿರ್ವಹಣೆ

ಆ್ಯಪ್‌ನ ಪರೀಕ್ಷೆಗಳು ಯಾವ ಪ್ರಾಜೆಕ್ಟಿನ ಹಂಗೂ ಇಲ್ಲದೆ, ಕನಿಷ್ಠ ಸೆಟ್ಟಿಂಗ್‌ಗಳೊಂದಿಗೆ ಓಡಬೇಕು. ಬೇರೆ ಬಳಕೆದಾರ ಮಾಡೆಲ್ ಇಟ್ಟು ಒಮ್ಮೆ, ಬೆಂಬಲವಿರುವ ಪ್ರತಿಯೊಂದು ಜ್ಯಾಂಗೊ ಆವೃತ್ತಿಯಲ್ಲೂ ಒಮ್ಮೆ ಓಡಿಸಬೇಕು. ಬರೆಯದೆ ಉಳಿದ ಮೈಗ್ರೇಶನ್ ಇದೆಯೇ ಎಂಬ ತಪಾಸಣೆಯೂ ಇದರೊಳಗೆ ಸೇರಲಿ. ಕೈಬಿಡಲಿರುವ ಸೌಲಭ್ಯಗಳ ಬಗ್ಗೆ ಚೌಕಟ್ಟು ಮೊದಲೇ ಎಚ್ಚರಿಸುತ್ತದೆ. ಆ ಎಚ್ಚರಿಕೆಗಳನ್ನು ದೋಷಗಳೆಂದೇ ಎಣಿಸಿ ಪರೀಕ್ಷೆ ನಡೆಸುವುದು ಜಾಣತನ. 2021ರ ಡಿಸೆಂಬರ್‌ನಲ್ಲಿ ಬಂದ 4.0 ಆವೃತ್ತಿ ‘ಯುಗೆಟ್‌ಟೆಕ್ಸ್ಟ್’ ಮತ್ತು ಹಳೆಯ ‘ಯುಆರ್‌ಎಲ್’ ಫಂಕ್ಷನ್‌ಗಳನ್ನು ತೆಗೆದುಹಾಕಿದಾಗ, ಎಚ್ಚರಿಕೆಗೆ ಕಿವಿಗೊಡದ ಆ್ಯಪ್‌ಗಳು ಇಂಪೋರ್ಟ್ ಸಾಲಿನಲ್ಲೇ ನಿಂತವು.

8. ಸಮಾರೋಪ

ಮೇಲಿನ ನಿದರ್ಶನಗಳಿಂದ ಒಂದು ನಿಯಮ ಹೊರಡುತ್ತದೆ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಬದಲಾಗುವ ಬಳಕೆದಾರ ಮಾಡೆಲ್, ರೂಪವಿನ್ಯಾಸ, ಭಾಷೆ ಇವುಗಳ ತೀರ್ಮಾನ ಬಳಸುವವರದು. ಆ್ಯಪ್‌ನ ಒಳಗಿನ ಸುಸಂಗತಿಯನ್ನು ಕಾಯುವ ಕೀ, ಮೈಗ್ರೇಶನ್, ಹೆಸರುಗಳ ತೀರ್ಮಾನ ಬರೆದವರದು. ಕನ್ನಡದ ತಂತ್ರಾಂಶಕಾರರು ತಮ್ಮ ಆ್ಯಪ್‌ಗಳ ಪರೀಕ್ಷೆಯಲ್ಲಿ ಒತ್ತಕ್ಷರ, ಗುಣಿತಾಕ್ಷರಗಳಿರುವ ಒಂದು ಶೀರ್ಷಿಕೆಯನ್ನಾದರೂ ಸೇರಿಸಬೇಕು. ಅದರಲ್ಲಿ ಗೆದ್ದ ಆ್ಯಪ್ ಹಿಂದಿ, ತೆಲುಗು, ತಮಿಳು ತಾಣಗಳಿಗೂ ಒದಗುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ಲಿಪಿಗಳ ಸ್ವರಚಿಹ್ನೆಗಳಿಗೂ ಇದೇ ತೊಡಕಿದೆ.