ಬರ, ನೆರೆ ಮತ್ತು ಕೆರೆ: ಮೈಸೂರು ಸೀಮೆಯ ನೀರಿನ ವಿಚಾರದ ಒಂದು ಸಮೀಕ್ಷೆ

ಪ್ರಕೃತಿವಿಕೋಪವನ್ನು ತಾಳಿಕೊಳ್ಳುವ ಶಕ್ತಿಯನ್ನು ಸಮಾಜದಲ್ಲಿ ಬೆಳೆಸಬೇಕೆಂಬ ವಿಚಾರವು 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ಸೇರಿದ ರಾಷ್ಟ್ರಗಳ ಸಮ್ಮೇಳನದಿಂದಲೇ ಹುಟ್ಟಿತೆಂಬಂತೆ ಈಚಿನ ವರದಿಗಳೂ ಯೋಜನಾಪತ್ರಗಳೂ ಬರೆಯುತ್ತಿರುವುದನ್ನು ಕಂಡರೆ, ಆಯುಷ್ಯದ ಬಹುಭಾಗವನ್ನು ಈ ಕ್ಷೇತ್ರದಲ್ಲಿಯೇ ಸವೆಸಿದವರಿಗೆ ಖೇದವಾಗದಿರದು. ಹವಾಮಾನವು ಬದಲಾಗುತ್ತಿರುವುದು ದಿಟ. ಅದರ ಘೋರತೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಆಗಾಗ ಮಳೆ ಕೈಕೊಡುವ ನಮ್ಮ ಬಯಲುಸೀಮೆಯಲ್ಲಿ ಈ ಪ್ರಶ್ನೆಗೆ ಜನರು ಮಣ್ಣಿನಲ್ಲಿಯೂ ಕಲ್ಲಿನಲ್ಲಿಯೂ ಊರಿನ ಕಟ್ಟಳೆಯಲ್ಲಿಯೂ ಕಂಡುಕೊಂಡಿದ್ದ ಉತ್ತರವನ್ನು ಓದದೆಯೇ ಹೊಸದನ್ನು ಬರೆಯಹೊರಡುವುದು ವಿವೇಕವೆನಿಸದು.

ಪ್ರಾಚೀನ ಘಟ್ಟವನ್ನು ಇಲ್ಲಿ ಸಂಕ್ಷೇಪವಾಗಿ ದಾಟುತ್ತೇನೆ. ಕೆರೆಯನ್ನು ಕಟ್ಟಿದವನಿಗೆ ಕಟ್ಟುಕೊಡಗೆಯನ್ನೂ, ಅದರ ಪಾಲನೆಗೆ ಬಿತ್ತುವಟ್ಟವನ್ನೂ ಬಿಟ್ಟುಕೊಟ್ಟ ಶಾಸನಗಳು ಕನ್ನಡನಾಡಿನಲ್ಲಿ ಹೇರಳವಾಗಿವೆ. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಶಾಸನವು ಉತ್ತಮವಾದ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದಕ್ಕೆ ತಟ್ಟಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕುವುದೇ ಮೈಸೂರು ಸಂಸ್ಥಾನದಲ್ಲಿ ದುಸ್ತರವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರೇ ಒಪ್ಪಿಕೊಂಡಿದ್ದರು. ಅಷ್ಟಿದ್ದೂ 1876ರಿಂದ 78ರವರೆಗಿನ ಮಹಾಕ್ಷಾಮವು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗವನ್ನು ನುಂಗಿತು. ಮಳೆಯೇ ಬಾರದಿದ್ದಲ್ಲಿ ಕೆರೆಯೊಂದರಿಂದಲೇ ಊರು ಉಳಿಯದೆಂಬ ಕಠೋರ ಪಾಠ ಅದು. ಅನಂತರ ಬಂದ ಕ್ಷಾಮಸಂಹಿತೆಯು ಹಸಿದವನಿಗೆ ಕೂಲಿಯನ್ನೂ ಗಂಜಿಯನ್ನೂ ಒದಗಿಸುವ ಕ್ರಮವನ್ನು ನಿಗದಿಮಾಡಿತೇ ಹೊರತು ಹಸಿವು ಬಾರದಂತೆ ತಡೆಯುವ ಮಾರ್ಗವನ್ನು ತೋರಲಿಲ್ಲ. 1907ರಲ್ಲಿ ಮಾರಿಕಣಿವೆಯ ಅಣೆಕಟ್ಟು ಮುಗಿಯಿತು. 1911ರಲ್ಲಿ ಕನ್ನಂಬಾಡಿಯ ಕಾರ್ಯ ಆರಂಭವಾಯಿತು. ಅದೇ 1911ರಲ್ಲಿ ಕೆರೆಗಳ ಪಾಲನೆಯನ್ನು ಊರವರಿಗೊಪ್ಪಿಸುವ ಕೆರೆ ಪಂಚಾಯಿತಿ ಕಾನೂನೂ ಹೊರಬಂದಿತು. ಅಣೆಕಟ್ಟುಗಳ ಕೀರ್ತಿಯ ಮರೆಯಲ್ಲಿ ಇದನ್ನು ನೆನೆಯುವವರೇ ಇಲ್ಲವಾದರೂ, ದೂರದೃಷ್ಟಿಯಲ್ಲಿ ಇದು ಅವೆರಡಕ್ಕೂ ಕಡಿಮೆಯದಲ್ಲವೆಂದು ನನ್ನ ಮತ.

ಏಕೆಂದರೆ ಕೆರೆಯೆಂದರೆ ನೀರು ನಿಲ್ಲುವ ತಗ್ಗು ಮಾತ್ರವಲ್ಲ. ಏರಿಯ ಒಳಮೈಯಲ್ಲಿ ಎರಡು ಕಲ್ಲುಕಂಬಗಳ ನಡುವೆ ನಿಂತ ತೂಬಿನ ಬಿರಡೆಯನ್ನು ಎಷ್ಟೆತ್ತಿದರೆ ಎಷ್ಟು ಗದ್ದೆ ತೊಯ್ಯುವುದೆಂಬುದನ್ನು ಅನುಭವದಿಂದಲೇ ಅರಿತ ನೀರಗಂಟಿಯಿಲ್ಲದೆ ಆ ಕಲ್ಲುಕಂಬಗಳಿಗೆ ಅರ್ಥವಿಲ್ಲ. ಮುಂಗಾರಿಗೆ ಮುಂಚೆ ಕಾಲುವೆಯ ಹೂಳು ತೆಗೆಸುವುದು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ತಿರುಗಿ ಜಿನುಗುವ ಕಡೆಗೆ ಮಣ್ಣು ಹಾಕಿಸುವುದು, ಕೋಡಿಯಲ್ಲಿ ಅಡ್ಡಬಿದ್ದ ಕೊಂಬೆಗಳನ್ನು ಬಿಡಿಸುವುದು ಎಲ್ಲವೂ ಅವನದೇ ಕೆಲಸ. ಕೋಲಾರದ ಕಡೆ ಕೆರೆ ಅರ್ಧ ತುಂಬಿದ ವರ್ಷದಲ್ಲಿ ದಾಮಾಷಾ ಎಂಬ ಕಟ್ಟಳೆಯಂತೆ ಅಚ್ಚುಕಟ್ಟಿನಲ್ಲಿ ನೀರು ತಲುಪುವಷ್ಟು ಭಾಗವನ್ನು ಮಾತ್ರ ಆರಿಸಿ, ಕೊನೆಯ ಗದ್ದೆಯವನಿಗೂ ಅವನ ಹಿಡುವಳಿಗೆ ತಕ್ಕ ಪಾಲನ್ನು ಅದರಲ್ಲಿಯೇ ಹಂಚುತ್ತಿದ್ದರು. ಕೊರತೆಯನ್ನು ಸರ್ವರೂ ಹಂಚಿಕೊಳ್ಳುವ ಇಂಥ ಏರ್ಪಾಟು ಇಂದಿನ ವಿಪತ್ತು ನಿರ್ವಹಣೆಯ ಗ್ರಂಥಗಳಲ್ಲಿ ವಿರಳ. ನೀರಗಂಟಿಯ ವೃತ್ತಿ ಬಹುಮಟ್ಟಿಗೆ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಕಟ್ಟುಬಿದ್ದಿದ್ದು, ಅವನು ತೂಬೆತ್ತಿದ ನೀರಿನಲ್ಲಿ ಅನೇಕ ವೇಳೆ ಅವನಿಗೇ ಗದ್ದೆಯಿರಲಿಲ್ಲವೆಂಬ ಅನ್ಯಾಯವನ್ನು ಮರೆಮಾಚಿ ಹಳೆಯ ವ್ಯವಸ್ಥೆಯನ್ನು ಕೊಂಡಾಡುವವರೊಡನೆ ನಾನು ದನಿಗೂಡಿಸಲಾರೆ.

1972ರ ಬರವು ನಮ್ಮ ತಲೆಮಾರನ್ನು ಎಚ್ಚರಿಸಿತು. ಅದರ ಬೆನ್ನಿಗೆ ಕೇಂದ್ರದ ಬರಪೀಡಿತ ಪ್ರದೇಶಗಳ ಯೋಜನೆ ಬಂದಿತು. ಒಣಬೇಸಾಯದ ಸಂಶೋಧನೆ ಬೆಂಗಳೂರಿನಲ್ಲಿಯೂ ಬಿಜಾಪುರದಲ್ಲಿಯೂ ಚುರುಕುಗೊಂಡಿತು. ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಲಕ್ಷ್ಮಣಯ್ಯನವರು ಬೆಳೆಸಿದ ಇಂಡಾಫ್ ತಳಿಗಳು ಬಡವರ ಕಣಜವನ್ನು ತುಂಬಿಸಿದವು. 1980ರ ದಶಕದಲ್ಲಿ ಕನಕಪುರದ ಕಡೆಯ ಕಬ್ಬಾಳನಾಲದಲ್ಲಿ ಜಲಾನಯನವೆಂಬ ದೃಷ್ಟಿ ರೂಪುತಳೆಯಿತು. ನೆತ್ತಿಯಿಂದ ಕಣಿವೆಗೆ ಇಳಿಯುತ್ತ, ಗುಡ್ಡದ ಮೈಯಲ್ಲಿ ಮರ, ಹೊಲದಲ್ಲಿ ಸಮಪಾತಳಿ ಬದು, ಹಳ್ಳದಲ್ಲಿ ತಡೆಗಟ್ಟೆ ಎಂದು ನೀರಿನ ದಾರಿಯನ್ನೇ ಅನುಸರಿಸಿ ಕೆಲಸಮಾಡುವ ಈ ಕ್ರಮವು, ಇಲಾಖೆಗಳು ಒಂದೊಂದೂ ತನ್ನ ತುಂಡನ್ನೇ ನೋಡುತ್ತಿದ್ದ ಕಾಲದಲ್ಲಿ ನಮಗೆ ಒಂದು ದರ್ಶನದಂತೆ ತೋರಿತು. ಮಣ್ಣು ಕೊಚ್ಚಿಹೋಗದಿರಲು ಲಾವಂಚದ ಸಾಲನ್ನು ನೆಡಬೇಕೆಂದು ವಿದೇಶಿ ತಜ್ಞರು ಆಗ ಉಪದೇಶಿಸತೊಡಗಿದರು. ಗುಂಡ್ಲುಪೇಟೆಯ ರೈತರಾದರೋ ಹೊಲದ ಎಲ್ಲೆಗೆ ಅದನ್ನು ಎಷ್ಟೋ ತಲೆಮಾರುಗಳಿಂದ ನೆಡುತ್ತಲೇ ಬಂದಿದ್ದರು. ಈ ದೃಷ್ಟಿಯ ಪಕ್ವಫಲವೆಂದರೆ 2001ರಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಮೊದಲಾದ ಸುಜಲ ಯೋಜನೆ. ಭೂಮಿಯಿಲ್ಲದವರನ್ನೂ ಸ್ತ್ರೀಯರನ್ನೂ ಸಂಘಗಳ ಮೂಲಕ ಜೊತೆಗೆ ಕರೆದೊಯ್ದ ಅದರ ರೀತಿಯನ್ನು ಮೀರಿದ ಯೋಜನೆಯನ್ನು ನಾನು ಬಲ್ಲೆನೆಂದು ಹೇಳಲಾರೆ. ಆದರೆ ಮೇಲಣ ಬದುಗಳೂ ತಡೆಗಟ್ಟೆಗಳೂ ಹಿಡಿದುಕೊಂಡ ನೀರು ಕೆಳಗಣ ಕೆರೆಗೆ ಎಷ್ಟು ಕಡಿಮೆಯಾಯಿತೆಂಬ ಲೆಕ್ಕವನ್ನು ಜಲಾನಯನದವರು ಇಡಲಿಲ್ಲ. 2002ರಲ್ಲಿ ಜಲಸಂವರ್ಧನೆಯ ಹೆಸರಿನಲ್ಲಿ ಕೆರೆಗಳನ್ನು ದುರಸ್ತಿಮಾಡಹೊರಟವರು ಮೇಲಣ ಗುಡ್ಡದ ಕಡೆ ತಿರುಗಲಿಲ್ಲ.

ಇತ್ತೀಚಿನ ಘಟ್ಟ ಮಾಪನದ್ದು. 1988ರಲ್ಲಿ ಸ್ಥಾಪಿತವಾದ ಬರ ನಿಗಾ ಘಟಕವು ವಿಸ್ತಾರಗೊಂಡು ವಿಪತ್ತು ನಿಗಾ ಕೇಂದ್ರವಾಗಿ, ಇಂದು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಳೆಯನ್ನಳೆಯುತ್ತಿದೆ. ಇದು ದೇಶಕ್ಕೇ ಮೇಲ್ಪಂಕ್ತಿಯಾದ ಸಾಧನೆ. ಇದರ ಅಗತ್ಯವೂ ವೃದ್ಧಿಸುತ್ತಿದೆ. 2022ರ ಆಗಸ್ಟ್ ಸೆಪ್ಟೆಂಬರಿನಲ್ಲಿ ರಾಮನಗರದ ಹೆದ್ದಾರಿಯೂ ಬೆಂಗಳೂರಿನ ಹೊರವರ್ತುಲ ರಸ್ತೆಯೂ ನೀರಿನಲ್ಲಿ ಮುಳುಗಿದವು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ನೆರೆಗೂ ಬರಕ್ಕೂ ಎರಡು ಇಲಾಖೆ, ಎರಡು ಪರಿಹಾರವೆಂಬ ಹಳೆಯ ವಿಂಗಡಣೆ ಇನ್ನು ಸಲ್ಲದು. ಸುರಿದುದನ್ನು ಹಿಡಿಯುವ ಕೆರೆ, ಹೆಚ್ಚಾದುದನ್ನು ಕೆಳಗಣ ಕೆರೆಗೆ ದಾಟಿಸುವ ಕೋಡಿ ಇವೆರಡೂ ಒಂದೇ ಸರಣಿಯಲ್ಲಿದ್ದುದು ಇದಕ್ಕಾಗಿಯೇ; ಅವುಗಳ ನಡುವಣ ರಾಜಕಾಲುವೆಯ ಮೇಲೆ ಮನೆಗಳೆದ್ದ ಮೇಲೆ ನೀರು ಬೀದಿಗೆ ನುಗ್ಗದೆ ಮತ್ತೆಲ್ಲಿಗೆ ಹೋದೀತು?

ಇಂಥ ಸಮಯದಲ್ಲಿ ಹೂಳೆತ್ತುವುದೊಂದೇ ಸರ್ವರೋಗಕ್ಕೂ ಮದ್ದೆಂಬ ಭಾವನೆ ಹಬ್ಬಿರುವುದು ನನ್ನನ್ನು ಕಾಡುತ್ತದೆ. ಬೇಸಗೆಯಲ್ಲಿ ರೈತರು ಗಾಡಿಗಳಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಸಾಗಿಸುತ್ತಿದ್ದಾಗ ಕೆರೆಗೂ ಹೊಲಕ್ಕೂ ಲಾಭವಿತ್ತು. ಜೆಸಿಬಿ ಯಂತ್ರದಿಂದ ತೂಬಿನ ಮಟ್ಟಕ್ಕಿಂತ ಆಳವಾಗಿ ತೋಡಿದಲ್ಲಿಯಾದರೋ ನಿಂತ ನೀರು ಕಾಲುವೆಗೆ ಏರಲಾರದು. ಅಂತರ್ಜಲ ಹೆಚ್ಚಿತೆಂದು ಸಮಾಧಾನ ಹೇಳುವವರುಂಟು. ಆ ಜಲವನ್ನು ಮೇಲೆತ್ತುವವನು ಕೊಳವೆಬಾವಿ ಕೊರೆಸಬಲ್ಲ ಶ್ರೀಮಂತ, ಕೊನೆಯ ಗದ್ದೆಯವನಲ್ಲ. ಊರ ಸಾಮಾನ್ಯಸ್ವತ್ತು ಹೀಗೆ ಸದ್ದಿಲ್ಲದೆ ಕೆಲವರ ಸ್ವತ್ತಾಗುತ್ತದೆ.

ಮುಂದಣ ಸಂಶೋಧಕರಿಗೆ ಒಂದು ಸ್ಪಷ್ಟವಾದ ಕಾರ್ಯ ಕಾದಿದೆ. 2022ರ ನೆರೆಯನ್ನೂ 2023ರ ಬರವನ್ನೂ ಕಂಡ ಕೆರೆಗಳಲ್ಲಿ, ನೋಡಿಕೊಳ್ಳುವವನಿದ್ದ ಕೆರೆ ಹೇಗೆ ನಡೆದುಕೊಂಡಿತು, ಇಲ್ಲದ ಕೆರೆ ಹೇಗೆ ನಡೆದುಕೊಂಡಿತೆಂಬುದನ್ನು ಒಂದೊಂದು ಸರಣಿಯನ್ನೂ ಹಿಡಿದು ಹೋಲಿಸಬೇಕು. ಮಳೆಯಳೆಯುವ ಯಂತ್ರವಿರುವ ಪಂಚಾಯಿತಿಯಲ್ಲಿಯೇ ತೂಬು ಎಂದು ತೆರೆಯಿತು, ಕೋಡಿ ಎಂದು ಹರಿಯಿತೆಂಬುದಕ್ಕೂ ಒಂದು ದಾಖಲೆಪುಸ್ತಕವಿರಬೇಕು. ಇಂದು ಅಲ್ಲಿ ನೀರಗಂಟಿಯೆಂದು ವೇತನ ಪಡೆಯುವವನು ಕೊಳವೆಬಾವಿಯ ಪಂಪನ್ನು ನಡೆಸಿ ನಲ್ಲಿಗೆ ನೀರು ಬಿಡುವವನು. ಅವನಿಗಾಗಲಿ, ಅವನ ಜೊತೆಗೆ ಜಾತಿಯ ಕಟ್ಟಿಲ್ಲದೆ ನೇಮಿಸಿದ ಮತ್ತೊಬ್ಬನಿಗಾಗಲಿ, ಏರಿ, ತೂಬು, ಕೋಡಿ, ಕಾಲುವೆಗಳ ಹೊಣೆಯನ್ನು ವಹಿಸಿ, ಅದಕ್ಕೆ ತಕ್ಕ ವೇತನವನ್ನು ವಿಪತ್ತು ನಿರ್ವಹಣೆಯ ನಿಧಿಯಿಂದಲೇ ಕೊಡುವಂತಾಗಬೇಕು; ಒಡೆದ ಏರಿಯನ್ನು ಕಟ್ಟಲು ತಗಲುವ ವೆಚ್ಚಕ್ಕೆ ಹೋಲಿಸಿದರೆ ಅದು ಅತ್ಯಲ್ಪ.